ಹಳೆಯ ಸೈಕಲ್ಲಿನ ಕಾಲನಿರ್ಣಯ

ನಿಮ್ಮ ಮನೆಯ ಹಿತ್ತಲಲ್ಲಾಗಲಿ, ಊರಿನ ಹಳೆಯ ಮನೆಯ ಪಡಸಾಲೆಯಲ್ಲಾಗಲಿ, ಗೋಡೆಗೆ ಒರಗಿ ನಿಂತ ಕರಿಯ ಸೈಕಲ್ಲೊಂದು ಇದ್ದೀತು. ಟೈರು ಬಿರಿದಿದೆ, ಸೀಟಿನ ತೊಗಲು ಸುಕ್ಕುಗಟ್ಟಿದೆ, ಹ್ಯಾಂಡಲ್ಲಿನ ಹೊಳಪು ಹೋಗಿ ತುಕ್ಕು ಬಂದಿದೆ. ಇದು ಯಾವ ಕಾಲದ್ದು ಎಂದು ಮನೆಯ ಹಿರಿಯರನ್ನು ಕೇಳಿದರೆ ಮೈಸೂರಿನ ಕಡೆಯವರು ಮಹಾರಾಜರ ಕಾಲದ್ದು ಎನ್ನುತ್ತಾರೆ. ಧಾರವಾಡದ ಕಡೆಯವರು ಬ್ರಿಟಿಷರ ಕಾಲದ್ದು ಎನ್ನುತ್ತಾರೆ. ನಮ್ಮ ಕಲಬುರಗಿಯ ಕಡೆಯವರಾದರೆ ನಿಜಾಮನ ಕಾಲದ್ದು ಎನ್ನುತ್ತಾರೆ. ಕವಿಯ ಕಾಲ ತಿಳಿಯದಾಗ "ಬಹು ಪ್ರಾಚೀನ" ಎಂದುಬಿಡುತ್ತೇವಲ್ಲ, ಇದೂ ಹಾಗೆಯೇ. ಆದರೆ ಸೈಕಲ್ಲು ಮಾತನಾಡುತ್ತದೆ. ಅದರ ಮೈಮೇಲೆ ಅಕ್ಷರಗಳಿವೆ, ಅಂಕೆಗಳಿವೆ, ಲಾಂಛನಗಳಿವೆ. ಓದಲು ಸ್ವಲ್ಪ ತಾಳ್ಮೆ ಬೇಕು, ಅಷ್ಟೇ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು, ಯಂತ್ರಶಾಸ್ತ್ರ ಬಲ್ಲವನಲ್ಲ. ಈ ವಿಷಯಕ್ಕೆ ನಾನು ಕೈಹಾಕಿದ್ದು ನಮ್ಮ ಕಾಕಾನವರ ಒತ್ತಾಯದಿಂದ. ಜೇವರ್ಗಿ ಕಡೆಯ ಇಜೇರಿಯಲ್ಲಿ ಅವರ ಮನೆ. ಅಲ್ಲಿ ಒಂದು ರ‍್ಯಾಲಿ ಸೈಕಲ್ಲು ಇದೆ. ಪರ ಊರಿನವರೊಬ್ಬರು ಅದನ್ನು ನೋಡಿ, ಅದು 1948ಕ್ಕೆ ಹಿಂದಿನ ವಿಲಾಯತಿ ಸೈಕಲ್ಲೇ ಆದರೆ ಒಳ್ಳೆಯ ಬೆಲೆ ಕೊಡುವುದಾಗಿಯೂ, ಅಲ್ಲವಾದರೆ ಬೇಡವೆಂದೂ ಹೇಳಿ ಹೋಗಿದ್ದರು. ಕಾಕಾನವರ ಮಗನಿಗೆ ಅದು ಬೆಲೆಯ ಪ್ರಶ್ನೆ. ಕಾಕಾನವರಿಗೆ ಅದು ಬೇರೆಯೇ ಪ್ರಶ್ನೆ. 1948ರ ಬೇಸಿಗೆಯಲ್ಲಿ, ರಜಾಕಾರರ ಹಾವಳಿಯ ದಿನಗಳಲ್ಲಿ, ನಮ್ಮ ಮುತ್ಯಾ ಮನೆಮಂದಿಯನ್ನು ಬಂಡಿಯಲ್ಲಿ ಮುಂದೆ ಕಳಿಸಿ, ಐದು ವರ್ಷದ ಕಾಕಾನನ್ನು ಸೈಕಲ್ಲಿನ ಮೇಲೆ ಕೂಡಿಸಿಕೊಂಡು ಸಂಸ್ಥಾನದ ಗಡಿ ದಾಟಿ ಸಿಂದಗಿಯ ಕಡೆಗೆ ಹೋದರೆಂಬುದು ನಮ್ಮ ಮನೆತನದ ಕಥೆ. ಸಿಂದಗಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನೆಲ. "ಮುಂದಿನ ಡಂಡಾದ ಮ್ಯಾಲೆ ಕುಂತಿದ್ದು ನನಗ ಇನ್ನೂ ನೆನಪದ. ನೀ ಓದಿದಾಂವ ಇದ್ದಿ, ಇದು ಯಾವ ಇಸ್ವಿದು ಅಂತ ನೋಡಿ ಹೇಳು" ಎಂದರು ಕಾಕಾ. ಮಗ ನಗುತ್ತ, "ಆ ಮಂದಿ ಒಯ್ಲಿಲ್ಲಂದ್ರ ಭಂಗಾರದಾಂವಗ ಹಾಕೂದು" ಎಂದ. ಹಳೆಯ ಕಬ್ಬಿಣದ ಗುಜರಿಗೆ ನಮ್ಮ ಕಡೆ ಭಂಗಾರ ಎನ್ನುವುದುಂಟು. ಒಂದು ಮಹಾಪ್ರಾಣದಲ್ಲಿ ಬಂಗಾರವು ಭಂಗಾರವಾಗುತ್ತದೆ!

ಅಂದಿನಿಂದ ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಮೊದಲು ಒಂದು ಮೂಲಸೂತ್ರವನ್ನು ಮನಸ್ಸಿನಲ್ಲಿಡತಕ್ಕದ್ದು. ಹಳೆಯ ಸೈಕಲ್ಲೆಂದರೆ ಹಳೆಯ ತಾಳೆಗರಿಯ ಕಟ್ಟು ಇದ್ದಂತೆ. ಕಟ್ಟು ಒಂದೇ, ಆದರೆ ಒಳಗಿನ ಗರಿಗಳೆಲ್ಲ ಒಂದೇ ಕೈಯ ಬರಹವಲ್ಲ. ನಡುವೆ ಗರಿ ಕಳೆದುಹೋದಾಗ ಯಾರೋ ಹೊಸದನ್ನು ಬರೆದು ಸೇರಿಸಿರುತ್ತಾರೆ. ಹಾಗೆಯೇ ಸೈಕಲ್ಲಿನ ಟೈರು, ಚೈನು, ಪೆಡಲು, ರಿಮ್ಮು, ಸೀಟುಗಳು ಸವೆದಂತೆ ಬದಲಾಗುತ್ತವೆ. ಬದಲಾಗದೆ ಉಳಿಯುವುದು ಚೌಕಟ್ಟು. ಆದುದರಿಂದ ಚೌಕಟ್ಟಿನ ಕಾಲವೇ ಸೈಕಲ್ಲಿನ ಕಾಲ. ಉಳಿದ ಭಾಗಗಳು ತಮ್ಮ ತಮ್ಮ ಕಾಲವನ್ನು ಮಾತ್ರ ಹೇಳುತ್ತವೆ. ಪಂಪನನ್ನು ನೆನೆಯುವ ಕವಿ ಪಂಪನಿಗಿಂತ ಹಿಂದಿನವನಾಗಲಾರ ಎಂಬುದು ನಮ್ಮ ಸಾಹಿತ್ಯ ಚರಿತ್ರೆಯ ಒಂದು ಸರಳವಾದ ತರ್ಕ. ಇಲ್ಲಿಯೂ ಅದೇ ತರ್ಕ ನಡೆಯುತ್ತದೆ: ಚೌಕಟ್ಟಿನ ಮೇಲೆ ಯಾವ ಕಾರ್ಖಾನೆಯ ಹೆಸರಿದೆಯೋ ಆ ಕಾರ್ಖಾನೆ ಹುಟ್ಟುವುದಕ್ಕೆ ಮೊದಲು ಆ ಚೌಕಟ್ಟು ಹುಟ್ಟಿರಲಾರದು.

ಇನ್ನೊಂದು ಎಚ್ಚರಿಕೆ: ಇಲ್ಲದಿರುವುದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬಾರದು. ಮಡ್‌ಗಾರ್ಡು ಇಲ್ಲದ ಸೈಕಲ್ಲನ್ನು ಕಂಡು, ಮಡ್‌ಗಾರ್ಡು ಬರುವುದಕ್ಕೆ ಹಿಂದಿನದು ಎಂದು ಊಹಿಸಿದವರನ್ನು ನಾನು ಕಂಡಿದ್ದೇನೆ. ನಮ್ಮ ಎರೆಭೂಮಿಯ ದಾರಿಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಮಣ್ಣು ಅಂಟಿನಂತೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕಚ್ಚಿಕೊಂಡು ಚಕ್ರ ತಿರುಗದೆ ನಿಂತುಬಿಡುತ್ತದೆ. ಸೈಕಲ್ಲು ಮನುಷ್ಯನನ್ನು ಹೊರುವ ಬದಲು ಮನುಷ್ಯನೇ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಬೇಸತ್ತ ರೈತ ಮಡ್‌ಗಾರ್ಡನ್ನೇ ಕಿತ್ತು ಎಸೆದಿರುತ್ತಾನೆ. ಅದು ಕಾಲದ ಗುರುತಲ್ಲ, ನೆಲದ ಗುರುತು.

ಈಗ ಪರೀಕ್ಷೆಯ ಕ್ರಮ. ಮೊದಲನೆಯದು ಹಣೆಯ ಬಿಲ್ಲೆ, ಅಂದರೆ ಹ್ಯಾಂಡಲ್ಲಿನ ಕೆಳಗೆ ಮುಂಭಾಗದ ಕೊಳವೆಗೆ ಬಡಿದಿರುವ ಲೋಹದ ತಗಡು. ಕೊಕ್ಕರೆಯ ತಲೆಯಿದ್ದರೆ ರ‍್ಯಾಲಿ. ಮೂರು ಬಂದೂಕುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದರೆ ಬಿ.ಎಸ್.ಎ.; ಅದು ಮೊದಲು ಬರ್ಮಿಂಗ್‌ಹ್ಯಾಮಿನಲ್ಲಿ 1861ರಲ್ಲಿ ಬಂದೂಕು ಮಾಡಲು ಹುಟ್ಟಿದ ಕಂಪನಿ. ತೆರೆದ ಅಂಗೈ ಇದ್ದರೆ ರಡ್ಜ್. ಬಿಲ್ಲೆ ಬಿದ್ದುಹೋಗಿದ್ದರೆ ಪೆಡಲಿನ ಬಳಿಯ ದೊಡ್ಡ ಹಲ್ಲುಚಕ್ರವನ್ನು ನೋಡಿರಿ. ಅಂದಿನ ಕಂಪನಿಗಳು ಅದರ ನಡುವೆ ತಮ್ಮ ಗುರುತನ್ನು ಕತ್ತರಿಸಿ ಕೂರಿಸುತ್ತಿದ್ದವು. ರ‍್ಯಾಲಿಯ ಚಕ್ರದಲ್ಲಿ ಕೊಕ್ಕರೆಗಳು, ಬಿ.ಎಸ್.ಎ. ಚಕ್ರದಲ್ಲಿ ಆ ಮೂರು ಅಕ್ಷರಗಳು, ರಡ್ಜಿನಲ್ಲಿ ಕೈ, ಹಂಬರಿನಲ್ಲಿ ಐದು ಮನುಷ್ಯಾಕೃತಿಗಳು. ಮಕ್ಕಳಿಗೆ ತೋರಿಸಿದರೆ ಅವರು ನಮಗಿಂತ ಮೊದಲೇ ಗುರುತು ಹಿಡಿಯುತ್ತಾರೆ.

ಇಲ್ಲಿ ಒಂದು ಮೋಸ ಹೋಗುವ ಸ್ಥಳವಿದೆ. ಬಿ.ಎಸ್.ಎ.ಯವರು ತಮ್ಮ ಹಬ್ಬು, ಹಲ್ಲುಚಕ್ರ ಮೊದಲಾದ ಭಾಗಗಳನ್ನು ಬೇರೆ ತಯಾರಕರಿಗೂ ಮಾರುತ್ತಿದ್ದರು. ಆದುದರಿಂದ ಒಂದು ಭಾಗದ ಮೇಲೆ ಮೂರು ಬಂದೂಕುಗಳು ಕಂಡ ಮಾತ್ರಕ್ಕೆ ಇಡೀ ಸೈಕಲ್ಲು ಬಿ.ಎಸ್.ಎ. ಆಗುವುದಿಲ್ಲ. ಹಾಗೆಯೇ ಹಬ್ಬಿನ ಮೇಲೆ "ಮೇಡ್ ಇನ್ ಇಂಗ್ಲೆಂಡ್" ಎಂದಿದ್ದರೆ ಹಬ್ಬು ಇಂಗ್ಲೆಂಡಿನದು. ಚೌಕಟ್ಟಿನ ಮಾತು ಬೇರೆ.

ಎರಡನೆಯದು ಕಂಪನಿಗಳ ವಂಶಾವಳಿ. ಇಂದಿನ ರೂಪದ ಸೈಕಲ್ಲು, ಎಂದರೆ ಎರಡೂ ಗಾಲಿ ಹೆಚ್ಚುಕಡಿಮೆ ಸಮನಾಗಿದ್ದು ಚೈನಿನಿಂದ ಹಿಂದಿನ ಗಾಲಿ ತಿರುಗುವ ಸೈಕಲ್ಲು, ಜನಪ್ರಿಯವಾದದ್ದು ಇಂಗ್ಲೆಂಡಿನಲ್ಲಿ 1885ರ ರೋವರಿನಿಂದ. ಡನ್‌ಲಪ್ ಗಾಳಿಯ ಟೈರಿಗೆ ಹಕ್ಕುಪತ್ರ ಪಡೆದದ್ದು 1888ರಲ್ಲಿ. ನಾಟಿಂಗ್‌ಹ್ಯಾಮಿನ ರ‍್ಯಾಲಿ ಎಂಬ ಬೀದಿಯ ಒಂದು ಸಣ್ಣ ಕಾರ್ಖಾನೆ, ಫ್ರಾಂಕ್ ಬೋಡನ್ನನ ಕೈಗೆ ಬಂದು ದೊಡ್ಡದಾದದ್ದೂ ಅದೇ ವರ್ಷಗಳಲ್ಲಿ. ಈ ರ‍್ಯಾಲಿ ಕಂಪನಿ ಮುಂದೆ ತನ್ನ ಪ್ರತಿಸ್ಪರ್ಧಿಗಳನ್ನು ಒಬ್ಬೊಬ್ಬರನ್ನಾಗಿ ಕೊಂಡುಕೊಂಡಿತು: 1932ರಲ್ಲಿ ಹಂಬರ್ ಸೈಕಲ್ಲಿನ ಹೆಸರನ್ನು, 1943ರಲ್ಲಿ ರಡ್ಜನ್ನು, 1957ರಲ್ಲಿ ಬಿ.ಎಸ್.ಎ.ಯ ಸೈಕಲ್ ವಿಭಾಗವನ್ನು. ಆದುದರಿಂದ ಹಂಬರಿನ ಚೌಕಟ್ಟಿನಲ್ಲಿ ರ‍್ಯಾಲಿಯ ಕೈಚಳಕ ಕಂಡರೆ ಅದು 1932ರ ಈಚಿನದು ಎನ್ನಬಹುದು. 1910ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆರಂಭವಾದ ಹರ್ಕ್ಯುಲಿಸ್ ಅಗ್ಗದ, ಗಟ್ಟಿಯಾದ ಸೈಕಲ್ಲೆಂದು ಹೆಸರಾಗಿ ನಮ್ಮ ದೇಶಕ್ಕೂ ಬಂತು.

ನಮ್ಮ ಮನೆಗಳ ಸೈಕಲ್ಲುಗಳಿಗೆ ಬಹಳ ಮುಖ್ಯವಾದ ಗಡಿರೇಖೆ ಮುಂದಿನದು. ಸ್ವಾತಂತ್ರ್ಯ ಬಂದ ಮೇಲೆ ಇದೇ ವಿಲಾಯತಿ ಹೆಸರಿನ ಸೈಕಲ್ಲುಗಳು ಭಾರತದಲ್ಲಿಯೇ ತಯಾರಾಗತೊಡಗಿದವು. ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪನೆಯಾದದ್ದು 1949ರಲ್ಲಿ. ಅಂಬತ್ತೂರಿನ ಅವರ ಕಾರ್ಖಾನೆಯಿಂದ ಹರ್ಕ್ಯುಲಿಸ್ ಹೊರಬಂತು, ಅನಂತರ ಫಿಲಿಪ್ಸ್, ಬಿ.ಎಸ್.ಎ. ಹೆಸರಿನವೂ ಬಂದವು. ಬಂಗಾಳದ ಆಸನಸೋಲಿನ ಬಳಿ ಸೆನ್-ರ‍್ಯಾಲಿ ಕಾರ್ಖಾನೆ 1950ರ ದಶಕದ ಆರಂಭದಲ್ಲಿ ಕೆಲಸ ಮೊದಲುಮಾಡಿತು. ಸೋನಿಪತ್ತಿನ ಅಟ್ಲಾಸ್ 1951ರದು, ಲೂಧಿಯಾನದ ಹೀರೊ 1956ರದು. ಹಾಗಾಗಿ "ರ‍್ಯಾಲಿ" ಎಂದು ಕಂಡೊಡನೆ ವಿಲಾಯತಿ ಎಂದು ಹಿಗ್ಗಬಾರದು. ನಾಟಿಂಗ್‌ಹ್ಯಾಮಿನ ಕೊಕ್ಕರೆಯೂ ಉಂಟು, ಆಸನಸೋಲಿನ ಕೊಕ್ಕರೆಯೂ ಉಂಟು. ಬಿಲ್ಲೆಯ ಅಂಚಿನ ಸಣ್ಣ ಅಕ್ಷರಗಳನ್ನು ಓದಿದಲ್ಲದೆ ಎರಡರ ಭೇದ ತಿಳಿಯದು.

ಮೂರನೆಯದು ಚೌಕಟ್ಟಿನ ಸಂಖ್ಯೆ. ಹಳೆಯ ರೇಡಿಯೋ ಪೆಟ್ಟಿಗೆಯ ಹಿಂಬದಿಯಲ್ಲಿ ಮಾದರಿಯ ಸಂಖ್ಯೆಯನ್ನು ನೀವು ನೋಡಿರಬಹುದು. ಸೈಕಲ್ಲಿಗೂ ಅಂಥದೊಂದು ಇರುತ್ತದೆ. ಸೀಟಿನ ಕಂಬ ಚೌಕಟ್ಟಿಗೆ ಇಳಿಯುವ ಸಂದಿನಲ್ಲಿ, ಪೆಡಲಿನ ಅಚ್ಚು ಹಾಯುವ ಗುಂಬದ ಅಡಿಯಲ್ಲಿ, ಇಲ್ಲವೆ ಹಿಂದಿನ ಗಾಲಿ ಕೂರುವ ತುದಿಯಲ್ಲಿ ಹುಡುಕಿರಿ. ಬಣ್ಣದ ಪದರಗಳ ಅಡಿಯಲ್ಲಿ ಅಂಕೆಗಳು ಮಸುಕಾಗಿರುತ್ತವೆ. ಮರಳುಕಾಗದದಿಂದ ಉಜ್ಜಬೇಡಿರಿ. ಶಾಸನಕ್ಕೆ ಪಡಿಯಚ್ಚು ತೆಗೆಯುವಂತೆ, ತೆಳುವಾದ ಕಾಗದವನ್ನು ಅದರ ಮೇಲಿಟ್ಟು ಪೆನ್ಸಿಲನ್ನು ಓರೆಯಾಗಿ ಹಗುರವಾಗಿ ಆಡಿಸಿದರೆ ಅಂಕೆಗಳು ತಾವಾಗಿ ಮೂಡುತ್ತವೆ. ಆದರೆ ಈ ಸಂಖ್ಯೆಯೊಂದರಿಂದಲೇ ವರ್ಷ ಸಿಕ್ಕಿಬಿಡುತ್ತದೆಂದು ತಿಳಿಯಬೇಡಿರಿ. ಕೆಲವು ಕಂಪನಿಗಳ ದಾಖಲೆ ಪುಸ್ತಕಗಳು ಉಳಿದಿಲ್ಲ. ರ‍್ಯಾಲಿಯ ಸಂಖ್ಯೆಗಳಂತೂ ಒಂದೇ ಸರಣಿಯಲ್ಲಿ ನಡೆದವಲ್ಲ. ಸಂಖ್ಯೆ ಬೇರೆ ಸಾಕ್ಷಿಗಳ ಜೊತೆ ಕೂಡಿದಾಗ ಬಲ ಪಡೆಯುತ್ತದೆ.

ನಾಲ್ಕನೆಯದು ಲೋಹದ ಹೊಳಪು. ಸುಮಾರು 1930ರವರೆಗೆ ಹ್ಯಾಂಡಲ್ಲು, ರಿಮ್ಮುಗಳಿಗೆ ನಿಕ್ಕಲ್ ಲೇಪ ಕೊಡುತ್ತಿದ್ದರು. ಆಮೇಲೆ ಕ್ರೋಮಿಯಂ ಬಂತು. ನಿಕ್ಕಲಿನ ಹೊಳಪು ತುಸು ಹಳದಿ ಬೆರೆತ ಬೆಚ್ಚನೆಯದು, ಕಾಲಾಂತರದಲ್ಲಿ ಮಂಕಾಗುತ್ತದೆ. ಕ್ರೋಮಿಯಂನದು ನೀಲಿ ಛಾಯೆಯ ತಣ್ಣನೆಯ ಹೊಳಪು. ಎರಡನ್ನೂ ಹಗಲು ಬೆಳಕಿನಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಭೇದ ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಲೋಹದ ಅಭಾವದಿಂದಾಗಿ ಹೊಳಪು ಕೊಡಬೇಕಾದ ಭಾಗಗಳಿಗೂ ಕರಿಯ ಬಣ್ಣವನ್ನೇ ಬಳಿದು ಕಳಿಸಿದ್ದುಂಟು.

ಐದನೆಯದು ಹಿಂದಿನ ಹಬ್ಬು. ಎಲ್ಲ ಸೈಕಲ್ಲುಗಳಲ್ಲಿ ಇಲ್ಲದಿದ್ದರೂ, ಮೂರು ವೇಗದ ಗೇರು ಉಳ್ಳ ಸೈಕಲ್ಲುಗಳಲ್ಲಿ ಇದು ಎಲ್ಲಕ್ಕಿಂತ ಸುಲಭವಾದ ಸಾಕ್ಷಿ. ಸ್ಟರ್ಮಿ-ಆರ್ಚರ್ ಎಂಬ ಕಂಪನಿಯವರು 1936ರಲ್ಲಿ ತಂದ ಎ.ಡಬ್ಲ್ಯು. ಮಾದರಿಯ ಹಬ್ಬಿನ ಮೇಲೆ ತಯಾರಾದ ವರ್ಷವನ್ನೇ ಕೊರೆದಿರುತ್ತಾರೆ. ಯುದ್ಧಕ್ಕೆ ಹಿಂದಿನವುಗಳಲ್ಲಿ ಸಾಮಾನ್ಯವಾಗಿ ಒಂದೇ ಅಂಕೆ, 8 ಎಂದರೆ 1938. ಆಮೇಲಿನವುಗಳಲ್ಲಿ ವರ್ಷದ ಎರಡು ಅಂಕೆ, ಅದರೊಡನೆ ತಿಂಗಳು. 52 ಮತ್ತು 3 ಎಂದಿದ್ದರೆ 1952ರ ಮಾರ್ಚ್. ಆದರೆ ಹಬ್ಬನ್ನೂ ಬದಲಾಯಿಸಬಹುದೆಂಬ ಮೂಲಸೂತ್ರವನ್ನು ಮರೆಯಬಾರದು.

ಕೊನೆಯದು, ನನ್ನಂಥವನಿಗೆ ಹೆಚ್ಚು ಪ್ರಿಯವಾದದ್ದು, ಕಾಗದಪತ್ರ. ಹಳೆಯ ಟ್ರಂಕನ್ನು ತೆಗೆದು ನೋಡಿರಿ. ಅಂಗಡಿಯ ರಸೀದಿಯೋ ಪುರಸಭೆಯ ಬಿಲ್ಲೆಯೋ ಸಿಕ್ಕೀತು. ರೇಡಿಯೋಗೆ ಲೈಸೆನ್ಸು ಬೇಕಿದ್ದ ಕಾಲದಲ್ಲಿ ಸೈಕಲ್ಲಿಗೂ ಅನೇಕ ಊರುಗಳಲ್ಲಿ ತೆರಿಗೆ ಇತ್ತು; ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ವರ್ಷ ಕೊರೆದ ಬಿಲ್ಲೆಯನ್ನು ಕೊಡುತ್ತಿದ್ದರು. ರಸೀದಿಯಲ್ಲಿ ಆಣೆಯ ಲೆಕ್ಕವಿದ್ದರೆ ಅದು ಹೆಚ್ಚಾಗಿ 1957ರ ಏಪ್ರಿಲಿನಲ್ಲಿ ನಯಾ ಪೈಸೆ ಬರುವುದಕ್ಕೆ ಹಿಂದಿನದು. ಹಾಲಿ ಸಿಕ್ಕಾ ರೂಪಾಯಿಯ ಲೆಕ್ಕವಿದ್ದರೆ ಅದು ಹೈದರಾಬಾದು ಸಂಸ್ಥಾನದ ನಾಣ್ಯ. ಅದರ ಏಳು ರೂಪಾಯಿ ಬ್ರಿಟಿಷ್ ಇಂಡಿಯಾದ ಆರು ರೂಪಾಯಿಗೆ ಸಮನಾಗಿತ್ತು.

ಕಲಬುರಗಿ, ರಾಯಚೂರು, ಬೀದರ ಕಡೆಯ ಓದುಗರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಸಂಸ್ಥಾನದ ಕಾಲದ ಕಾಗದಗಳಲ್ಲಿ ವರ್ಷವು ಉರ್ದೂ ಅಂಕೆಯಲ್ಲಿ ಇರುತ್ತದೆ, ಮತ್ತು ಅದು ಸಾಮಾನ್ಯವಾಗಿ ಫಸಲಿ ವರ್ಷ. ಉರ್ದೂ ಬರಹ ಬಲದಿಂದ ಎಡಕ್ಕೆ ಹೋದರೂ ಅಂಕೆಗಳನ್ನು ನಮ್ಮಂತೆ ಎಡದಿಂದ ಬಲಕ್ಕೇ ಓದಬೇಕು. ಐದರ ಅಂಕೆ ನಮ್ಮ ಸೊನ್ನೆಯನ್ನು ಹೋಲುತ್ತದೆ; ಸೊನ್ನೆ ಬರಿಯ ಒಂದು ಚುಕ್ಕೆ. ಫಸಲಿಯಿಂದ ಇಸವಿಗೆ ಬರಲು, ದಿನಾಂಕ ಜನವರಿಯಿಂದ ಸೆಪ್ಟೆಂಬರಿನ ಒಳಗಿನದಾದರೆ 591ನ್ನೂ, ಅಕ್ಟೋಬರಿನಿಂದ ಡಿಸೆಂಬರಿನ ಒಳಗಿನದಾದರೆ 590ನ್ನೂ ಕೂಡಿಸಬೇಕು; ಏಕೆಂದರೆ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರಿನ ಆರಂಭದಲ್ಲಿ ಮೊದಲಾಗುತ್ತಿತ್ತು. ಇದನ್ನು ಹಿಜರಿ ಎಂದು ತಪ್ಪಾಗಿ ತಿಳಿದರೆ ಲೆಕ್ಕ ಕೆಡುತ್ತದೆ. 1346 ಹಿಜರಿಯೆಂದರೆ 1927-28. 1346 ಫಸಲಿಯೆಂದರೆ 1936-37. ಒಂಬತ್ತು ವರ್ಷದ ಅಂತರ!

ಇನ್ನು ಇಜೇರಿಗೆ ಹೋಗೋಣ. ಒಂದು ಭಾನುವಾರ ಕಾಕಾನವರ ಅಂಗಳದಲ್ಲಿ ಸೈಕಲ್ಲನ್ನು ಬಿಸಿಲಿಗೆ ತಂದು ನಿಲ್ಲಿಸಿದೆವು. ಹಣೆಯ ಬಿಲ್ಲೆಯ ಮೇಲೆ ಮೂರು ನಾಲ್ಕು ಸಲ ಬಳಿದ ಕರಿಯ ಬಣ್ಣ. ಎಣ್ಣೆಯ ಬಟ್ಟೆಯಿಂದ ನೆನೆಸಿ, ಉಗುರಿನಿಂದ ಮೆಲ್ಲಗೆ ಬಿಡಿಸುತ್ತ ಬಂದಂತೆ ಕೊಕ್ಕರೆಯ ಕೊಕ್ಕು ಕಾಣಿಸಿತು, ಆಮೇಲೆ ಹೆಸರು ಕಾಣಿಸಿತು. ಕಾಕಾನವರ ಮುಖ ಅರಳಿತು. ಇನ್ನೂ ಕೆಳಗೆ ಬಿಡಿಸಿದೆ. "ಇಂಡಿಯಾ" ಎಂಬ ಅಕ್ಷರಗಳು ಮೂಡಿದವು. ಆಸನಸೋಲಿನ ಕೊಕ್ಕರೆ! ಎಂದ ಮೇಲೆ ಈ ಚೌಕಟ್ಟು 1950ರ ದಶಕಕ್ಕಿಂತ ಹಿಂದಿನದಾಗಲಾರದು. 1948ರಲ್ಲಿ ಗಡಿ ದಾಟಿದ್ದು ಈ ಸೈಕಲ್ಲಲ್ಲ.

ನನಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ಕಾಕಾ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹಂಗಾರ ನಾ ಕುಂತಿದ್ದು ಸುಳ್ಳೇನು?" ಎಂದು ಕೇಳಿದರು. ಕಾಲನಿರ್ಣಯವೆಂಬುದು ಎಷ್ಟು ಕಠೋರವಾದ ಕೆಲಸವೆಂದು ನನಗೆ ಆಗ ಅರಿವಾಯಿತು. ತರಗತಿಯಲ್ಲಿ ಕವಿಯೊಬ್ಬನನ್ನು ನೂರು ವರ್ಷ ಈಚೆಗೆ ತಂದರೆ ಯಾರ ಮನಸ್ಸೂ ನೋಯುವುದಿಲ್ಲ.

ಆದರೆ ಪರೀಕ್ಷೆಯನ್ನು ಅರ್ಧಕ್ಕೆ ಬಿಡಬಾರದಷ್ಟೆ. ಮುಂದಿನ ಗಾಲಿಯನ್ನು ಒರೆಸಿದಾಗ ಹಬ್ಬಿನ ಮೇಲೆ ಬೇರೆಯ ಹೆಸರು ಕಂಡಿತು: ಹರ್ಕ್ಯುಲಿಸ್, ಮೇಡ್ ಇನ್ ಇಂಗ್ಲೆಂಡ್. ರ‍್ಯಾಲಿಯ ಚೌಕಟ್ಟಿಗೆ ಹರ್ಕ್ಯುಲಿಸ್ ಹಬ್ಬು ಎಲ್ಲಿಂದ ಬಂತು? ಮುತ್ಯಾನ ಟ್ರಂಕನ್ನು ಇಳಿಸಿದೆವು. ಜಮೀನಿನ ಕಾಗದಗಳ ನಡುವೆ ನಾಲ್ಕು ಮಡಿಕೆಯ ಒಂದು ಉರ್ದೂ ರಸೀದಿ. ನಿವೃತ್ತರಾದ ಉರ್ದೂ ಉಪಾಧ್ಯಾಯರೊಬ್ಬರು ಅದನ್ನು ಓದಿ ಹೇಳಿದರು: ಒಂದು ಹರ್ಕ್ಯುಲಿಸ್ ಸೈಕಲ್ಲು, ಹಣ ಹಾಲಿ ಸಿಕ್ಕಾದಲ್ಲಿ ಪಾವತಿ, ವರ್ಷ 1346, ಅದರ ಮುಂದೆ ಸ್ಪಷ್ಟವಾಗಿ ಫಸಲಿ ಎಂಬ ಮಾತು. ಅಂದರೆ 1936-37.

ಹಾಗಾದರೆ ಮುತ್ಯಾನಿಗೆ ಇದ್ದದ್ದು ಒಂದಲ್ಲ, ಎರಡು ಸೈಕಲ್ಲು. ಮೊದಲಿನದು ಹರ್ಕ್ಯುಲಿಸ್. 1948ರಲ್ಲಿ ಮನೆಯಲ್ಲಿ ಇದ್ದದ್ದು ಅದೇ ಇರಬೇಕು. ಐದು ವರ್ಷದ ಹುಡುಗ ಕುಳಿತದ್ದು ಅದರ ಮೇಲೆಯೇ. ಅದು ಸವೆದು ಮುಗಿದ ಮೇಲೆ ರ‍್ಯಾಲಿ ಬಂದಿರಬೇಕು. ಹಳೆಯದರ ಗಟ್ಟಿಯಾದ ಹಬ್ಬನ್ನು ಎಸೆಯಲು ಮನಸ್ಸು ಬಾರದೆ ಹೊಸದಕ್ಕೆ ಜೋಡಿಸಿರಬೇಕು. ಈ ಹಬ್ಬು ಆ ಸೈಕಲ್ಲಿನದೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ; ಆದರೆ ರಸೀದಿ, ಹಬ್ಬು, ಕಾಕಾನವರ ನೆನಪು ಮೂರೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಸೈಕಲ್ಲು ಹೋದರೂ ಕಥೆ ಹೋಗಲಿಲ್ಲ, ಗೋಡೆಗೆ ಒರಗಿ ನಿಂತಿದ್ದ ಮತ್ತೊಂದು ಸೈಕಲ್ಲನ್ನು ಏರಿ ಕುಳಿತುಕೊಂಡಿತು. ಒಬ್ಬ ಕವಿಯ ಪದ್ಯ ಮತ್ತೊಬ್ಬನ ಹೆಸರಿನಲ್ಲಿ ಉಳಿದು ಬಂದರೆ ಪದ್ಯ ಸುಳ್ಳಾಗುವುದಿಲ್ಲವಲ್ಲ. ಇದನ್ನು ಕೇಳಿ ಕಾಕಾನವರು ಎದ್ದು ಹೋಗಿ, ಬಗ್ಗಿ ಆ ಮುಂದಿನ ಗಾಲಿಯನ್ನು ಒಮ್ಮೆ ತಿರುಗಿಸಿ ನೋಡಿದರು.

ಕೊಳ್ಳಲು ಬಂದವರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿದೆವು. ಅವರು ಬೇಡವೆಂದರು. ಭಂಗಾರದವನೂ ಬರಲಿಲ್ಲ, ಅವನನ್ನು ಕರೆಯುವ ಮಾತನ್ನು ಕಾಕಾನವರ ಮಗನೇ ಆಮೇಲೆ ಎತ್ತಲಿಲ್ಲ.

ಓದುಗರಲ್ಲಿ ಕೊನೆಯದಾಗಿ ಎರಡು ಬಿನ್ನಹ. ನಿಮ್ಮ ಮನೆಯ ಸೈಕಲ್ಲನ್ನು ಪರೀಕ್ಷಿಸುವ ಮೊದಲು ಅದಕ್ಕೆ ಹೊಸ ಬಣ್ಣ ಹೊಡೆಸಬೇಡಿರಿ, ಭಾಗಗಳನ್ನು ಬಿಚ್ಚಿ ಬೇರೆ ಬೇರೆ ಮಾಡಬೇಡಿರಿ. ಧೂಳು ಒರೆಸಿ, ಮೆತ್ತನೆಯ ಬಟ್ಟೆಯಲ್ಲಿ ತುಸು ಎಣ್ಣೆ ಹಚ್ಚಿ, ಎಲ್ಲ ಗುರುತುಗಳ ಚಿತ್ರ ತೆಗೆದಿಟ್ಟುಕೊಳ್ಳಿರಿ. ಈಗ ಪ್ರತಿಯೊಬ್ಬರ ಕೈಯ ಫೋನಿನಲ್ಲಿಯೂ ಆ ಅನುಕೂಲವಿದೆ. ಎರಡನೆಯದು, ಸೈಕಲ್ಲಿನ ಅಂಕೆಗಳ ಜೊತೆಗೆ ಹಿರಿಯರ ಮಾತನ್ನೂ ಬರೆದಿಟ್ಟುಕೊಳ್ಳಿರಿ: ಯಾರು ಕೊಂಡರು, ಎಲ್ಲಿಗೆ ಹೋದರು, ಯಾರನ್ನು ಕೂಡಿಸಿಕೊಂಡರು. ಉಕ್ಕಿನ ಮೇಲಿನ ಅಂಕೆ ಇನ್ನೂ ಐವತ್ತು ವರ್ಷ ಉಳಿದೀತು. ಹಿರಿಯರ ಮಾತನ್ನು ಮಾತ್ರ ಇವತ್ತೇ ಕೇಳಿ ಬರೆದುಕೊಳ್ಳಬೇಕು.